ಸೇತುವೆ ಕೊನೆಗಿರಲಿ: ಬ್ಯಾಂಕಾಕ್‌ನಿಂದ ಕಾಂಚನಬುರಿಗೆ ನಿಮ್ಮಷ್ಟಕ್ಕೆ ನೀವೇ ಒಂದು ದಿನ

ಪ್ರಶ್ನೆ: ಡಿಸೆಂಬರ್‌ನಲ್ಲಿ ನಾನು, ನನ್ನ ಗಂಡ ಮತ್ತು ಅಪ್ಪ ಐದು ದಿನಕ್ಕೆ ಬ್ಯಾಂಕಾಕ್‌ಗೆ ಹೋಗುತ್ತಿದ್ದೇವೆ. ಅಪ್ಪನಿಗೆ 72 ವರ್ಷ, ರೈಲ್ವೆಯಲ್ಲಿ ಹಳಿ ನಿರ್ವಹಣೆಯ ಕೆಲಸದಲ್ಲಿದ್ದು ನಿವೃತ್ತರಾದವರು. 'ಕ್ವಾಯ್ ಸೇತುವೆ' ನೋಡಲೇಬೇಕು ಅನ್ನುವುದು ಅವರ ಒಂದೇ ಹಟ. ಹೋಟೆಲಿನವರು ಹೇಳುವ ಟೂರ್‌ನಲ್ಲಿ ತೇಲುವ ಮಾರುಕಟ್ಟೆ, ಆನೆ, ಜಲಪಾತ ಎಲ್ಲ ಸೇರಿಸಿ ಸೇತುವೆಗೆ ಅರ್ಧ ಗಂಟೆ ಕೊಡುತ್ತಾರಂತೆ. ನಾವೇ ಹೋಗಿ ಒಂದೇ ದಿನದಲ್ಲಿ ವಾಪಸ್ ಬರಬಹುದೇ? ಅದೇ ಹಳಿಗಾಗಿ ಬಂಡೆ ಸೀಳಿದ ಹೆಲ್‌ಫೈರ್ ಪಾಸ್ ಎಂಬ ಕಂದಕವನ್ನೂ ಸೇರಿಸಬಹುದೇ? ಅಪ್ಪನಿಗೆ ಮಂಡಿನೋವು. ಮೂವರೂ ಸಸ್ಯಾಹಾರಿಗಳು.

ಉತ್ತರ: ಧಾರಾಳವಾಗಿ ಹೋಗಿ ಬರಬಹುದು. ಆದರೆ ಮನಸ್ಸಿನಲ್ಲಿ ಮೊದಲೇ ಒಂದು ತಿದ್ದುಪಡಿ ಮಾಡಿಕೊಳ್ಳಿ. ನೀವು ನೋಡಲು ಹೊರಟಿರುವುದು ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಹಾಕಿಸಿದ ಒಂದು ರೈಲುದಾರಿ. ಆ 415 ಕಿಲೋಮೀಟರ್‌ನಲ್ಲಿ ಸೇತುವೆಯ ಪಾಲು ಮುನ್ನೂರು ಚಿಲ್ಲರೆ ಮೀಟರು. ಮೊದಲ ಸಲ ಹೋದಾಗ ನಾನು ಸೀದಾ ಸೇತುವೆಗೇ ಹೋಗಿ ನಿಂತೆ. ಐಸ್‌ಕ್ರೀಮ್ ಮಾರುವವರು, ಕೋಲು ಹಿಡಿದು ಸೆಲ್ಫಿ ತೆಗೆಯುವವರು, ಟೀ ಶರ್ಟ್ ಅಂಗಡಿ. ಇಪ್ಪತ್ತು ನಿಮಿಷಕ್ಕೆ 'ಇಷ್ಟೇನಾ' ಅನ್ನಿಸಿತು. ಮುಂದಿನ ಸಲ ಮ್ಯೂಸಿಯಂ ಮೊದಲು, ರೈಲು ಆಮೇಲೆ, ಸೇತುವೆ ಕೊನೆಗೆ ಎಂದು ತಿರುಗಿಸಿಕೊಂಡೆ. ಅದೇ ಸೇತುವೆಯ ಮೇಲೆ ಒಂದು ಗಂಟೆ ನಿಂತರೂ ಕಾಲು ಕೀಳಲು ಮನಸ್ಸಾಗಲಿಲ್ಲ. ಕೆಳಗೆ ಹೇಳುವ ಯೋಜನೆಯೆಲ್ಲ ಆ ತಿರುವಿನ ಮೇಲೇ ನಿಂತಿದೆ.

ಕಥೆ ಗೊತ್ತಿರಲಿ, ಇಲ್ಲವಾದರೆ ನೋಡುವುದಕ್ಕೆ ಏನೂ ಇಲ್ಲ. 1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನಿನ ಕೈಸೇರಿತು, ಅದರ ಬೆನ್ನಿಗೇ ಬರ್ಮಾ. ಬರ್ಮಾದಲ್ಲಿದ್ದ ತನ್ನ ಸೈನ್ಯಕ್ಕೆ ಅಕ್ಕಿ, ಮದ್ದುಗುಂಡು ಕಳಿಸಬೇಕೆಂದರೆ ಜಪಾನಿನ ಹಡಗುಗಳು ಮಲಯಾ ಪರ್ಯಾಯ ದ್ವೀಪವನ್ನು ಸುತ್ತಿಹೋಗಬೇಕಿತ್ತು. ಆ ಸಮುದ್ರದಲ್ಲಿ ಶತ್ರುಗಳ ಸಬ್‌ಮರೀನ್‌ಗಳ ಕಾಟ. ಹಾಗಾಗಿ ಥಾಯ್ಲೆಂಡಿನ ಬಾನ್ ಪೊಂಗ್ ಬಳಿಯ ನೊಂಗ್ ಪ್ಲಾಡುಕ್‌ನಿಂದ ಬರ್ಮಾದ ತಾನ್‌ಬ್ಯೂಜಯಾತ್‌ವರೆಗೆ ಕಾಡು, ಬೆಟ್ಟ ಸೀಳಿಕೊಂಡು ಮೀಟರ್ ಗೇಜ್ ಹಳಿ ಹಾಕುವ ತೀರ್ಮಾನವಾಯಿತು. ಹಿಂದೆ ಬ್ರಿಟಿಷರೂ ಈ ದಾರಿಯನ್ನು ಯೋಚಿಸಿ, ಆಗದ ಕೆಲಸ ಎಂದು ಕೈಬಿಟ್ಟಿದ್ದರು. ಜಪಾನೀಯರು ಎರಡೂ ತುದಿಗಳಿಂದ ಏಕಕಾಲಕ್ಕೆ ಕೆಲಸ ಹಿಡಿದು, 1943ರ ಅಕ್ಟೋಬರ್ 17ರಂದು ಕೊನ್‌ಕೊಯ್ತಾ ಎಂಬಲ್ಲಿ ಹಳಿ ಕೂಡಿಸಿದರು. ಹದಿನಾರು ತಿಂಗಳೊಳಗೆ 415 ಕಿಲೋಮೀಟರು, ಅದೂ ಬಹುಪಾಲು ಗುದ್ದಲಿ, ಬುಟ್ಟಿ, ಸುತ್ತಿಗೆಯಲ್ಲಿ. ಹಳಿಯ ಕೆಲಸ ಮಾಡಿದ ನಿಮ್ಮ ಅಪ್ಪನಿಗೆ ಈ ಒಂದು ವಾಕ್ಯ ಹೇಳಿ ನೋಡಿ, ಮುಂದಿನದನ್ನು ಅವರೇ ಲೆಕ್ಕ ಹಾಕುತ್ತಾರೆ.

ಆ ಲೆಕ್ಕದ ಇನ್ನೊಂದು ಬದಿ ಹೀಗಿದೆ. ಕೆಲಸಕ್ಕೆ ಹಚ್ಚಿದ್ದು ಅರವತ್ತು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳನ್ನು: ಬ್ರಿಟಿಷರು, ಡಚ್ಚರು, ಆಸ್ಟ್ರೇಲಿಯನ್ನರು, ಕೆಲವು ನೂರು ಅಮೆರಿಕನ್ನರು. ಅವರಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅವರ ಜೊತೆಗೆ ಸುಮಾರು ಎರಡು ಲಕ್ಷ ಏಷ್ಯನ್ ಕೂಲಿಗಳು: ಬರ್ಮೀಯರು, ಜಾವಾದವರು, ಮಲಯರು, ಚೀನೀಯರು, ಮತ್ತು ಮಲಯಾದ ರಬ್ಬರ್ ತೋಟಗಳಿಂದ ಬಂದ ಬಹುದೊಡ್ಡ ಸಂಖ್ಯೆಯ ತಮಿಳರು. ಇವರಲ್ಲಿ ಸತ್ತವರು ತೊಂಬತ್ತು ಸಾವಿರದ ಆಸುಪಾಸು ಎನ್ನುವುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಅಂದಾಜು ಏಕೆಂದರೆ ಅವರ ಲೆಕ್ಕವನ್ನು ಯಾರೂ ಇಡಲಿಲ್ಲ. 'ಒಂದೊಂದು ಸ್ಲೀಪರಿಗೆ ಒಂದೊಂದು ಹೆಣ' ಎಂಬ ಮಾತನ್ನು ಅಲ್ಲಿನ ಗೈಡುಗಳಿಂದ ಕೇಳುತ್ತೀರಿ. ಅದು ಉತ್ಪ್ರೇಕ್ಷೆ, ಅಷ್ಟು ಉದ್ದದ ಹಳಿಗೆ ಸ್ಲೀಪರುಗಳೇ, ಅಂದರೆ ಹಳಿಯಡಿಯ ಅಡ್ಡದಿಮ್ಮಿಗಳೇ, ಲಕ್ಷಗಟ್ಟಲೆ ಬೇಕು. ಕಿಲೋಮೀಟರಿಗೆ ಹೆಚ್ಚುಕಮ್ಮಿ ಇನ್ನೂರನಲವತ್ತು ಜನ ಎಂದರೆ ನಿಜಕ್ಕೆ ಹತ್ತಿರ. ಅದಕ್ಕೆ ಉತ್ಪ್ರೇಕ್ಷೆಯ ಅಗತ್ಯವೇ ಇಲ್ಲ.

ಈಗ ದಾರಿ. ಬ್ಯಾಂಕಾಕ್‌ನಿಂದ ಕಾಂಚನಬುರಿ ಪಶ್ಚಿಮಕ್ಕೆ ಸುಮಾರು 130 ಕಿಲೋಮೀಟರು. ಹೆಸರು ನಮ್ಮ ಕಾಂಚನಪುರಿಯೇ, ಥಾಯ್ ಬಾಯಲ್ಲಿ ಪುರಿ ಬುರಿಯಾಗಿದೆ. ಹಾಗೆಯೇ ರೈಲು ಹೊರಡುವ ತೊನ್‌ಬುರಿ ನಮ್ಮ ಧನಪುರಿ. ಈ ತೊನ್‌ಬುರಿಯ ವಿಷಯದಲ್ಲಿ ಹುಷಾರು. ನಗರದ ಹೊಸ ದೊಡ್ಡ ನಿಲ್ದಾಣ ಕ್ರುಂಗ್ ತೇಪ್ ಅಪಿವತ್‌ನಿಂದಾಗಲಿ, ಹಳೆಯ ಹುವಾ ಲಾಂಪೊಂಗ್‌ನಿಂದಾಗಲಿ ಈ ದಿನನಿತ್ಯದ ರೈಲು ಹೊರಡುವುದಿಲ್ಲ. ಚಾವೊ ಪ್ರಾಯಾ ನದಿಯ ಪಶ್ಚಿಮ ದಡದಲ್ಲಿ, ಸಿರಿರಾಜ್ ಆಸ್ಪತ್ರೆಯ ಹಿಂದೆ ಇರುವ ಸಣ್ಣ ತೊನ್‌ಬುರಿ ಸ್ಟೇಷನ್ನಿಂದ ಹೊರಡುತ್ತದೆ. ನಗರದ ಮೇಲ್ಸೇತುವೆ ರೈಲಿಗೆ 'ಕ್ರುಂಗ್ ತೊನ್‌ಬುರಿ' ಎಂಬ ಇನ್ನೊಂದು ನಿಲ್ದಾಣ ಇದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಒಂದು ಸಲ ಟ್ಯಾಕ್ಸಿಯವನು ನನ್ನನ್ನು ಅಲ್ಲಿ ಇಳಿಸಿ ಕೈಬೀಸಿ ಹೋದ. ನಾನು ಮೆಟ್ಟಿಲು ಹತ್ತಿ, ತಪ್ಪು ಗೊತ್ತಾಗಿ, ಇಳಿದು, ಇನ್ನೊಂದು ಟ್ಯಾಕ್ಸಿ ಹಿಡಿಯುವಷ್ಟರಲ್ಲಿ ರೈಲು ಹೊರಟಾಗಿತ್ತು. ಮೊಬೈಲಿನಲ್ಲಿ ಥಾಯ್ ಅಕ್ಷರದಲ್ಲೇ ನಿಲ್ದಾಣದ ಹೆಸರನ್ನಿಟ್ಟುಕೊಂಡು ತೋರಿಸಿ. ಹತ್ತಿರದ ಮೆಟ್ರೊ ನಿಲ್ದಾಣ ಬಾಂಗ್ ಖುನ್ ನೊನ್, ಅಲ್ಲಿಂದಲೂ ಒಂದೂಚಿಲ್ಲರೆ ಕಿಲೋಮೀಟರ್ ಇದೆ.

ಈ ರೈಲು ಬೆಳಗ್ಗೆ ಏಳೂಮುಕ್ಕಾಲರ ಸುಮಾರಿಗೆ ಹೊರಟು ಹತ್ತೂವರೆಯ ಹೊತ್ತಿಗೆ ಕಾಂಚನಬುರಿ ಮುಟ್ಟುತ್ತದೆ. ನಂತರ ಸೇತುವೆ ದಾಟಿ ಹನ್ನೆರಡೂವರೆಗೆ ಹಳಿಯ ಈಗಿನ ಕೊನೆಯಾದ ನಾಮ್ ತೋಕ್ ಸೇರುತ್ತದೆ. ಸ್ವಲ್ಪ ಹೊತ್ತು ನಿಂತು, ಒಂದು ಗಂಟೆಗೆ ಮುಂಚೆ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಎಲ್ಲವೂ ಥರ್ಡ್ ಕ್ಲಾಸ್, ತೆರೆದ ಕಿಟಕಿ, ಫ್ಯಾನು, ಗಟ್ಟಿ ಸೀಟು. ವಿದೇಶಿಯರಿಗೆ ಎಲ್ಲಿ ಹತ್ತಿ ಎಲ್ಲಿ ಇಳಿದರೂ 100 ಬಾತ್ ಎಂಬ ಒಂದೇ ದರ. ಮುಂಗಡ ಕಾಯ್ದಿರಿಸುವ ತಾಪತ್ರಯ ಇಲ್ಲ, ಕೌಂಟರಿನಲ್ಲಿ ಕೊಂಡು ಹತ್ತುವುದು. ವೇಳಾಪಟ್ಟಿ ಆಗೊಮ್ಮೆ ಈಗೊಮ್ಮೆ ಐದು ಹತ್ತು ನಿಮಿಷ ಸರಿಯುತ್ತದೆ, ರೈಲು ಅದಕ್ಕಿಂತ ಹೆಚ್ಚು ಸರಿಯುತ್ತದೆ. ಹೊರಡುವ ವಾರ ಥಾಯ್ ರೈಲ್ವೆಯ ಪಟ್ಟಿಯನ್ನು ಇನ್ನೊಮ್ಮೆ ನೋಡಿಬಿಡಿ. ಅರ್ಧ ಗಂಟೆ ತಡ ಎಂದರೆ ಅಲ್ಲಿ ಯಾರೂ ತಲೆ ಎತ್ತುವುದಿಲ್ಲ.

ಹೆಚ್ಚಿನವರು ತೊನ್‌ಬುರಿಯಲ್ಲಿ ಹತ್ತಿ ನಾಮ್ ತೋಕ್‌ವರೆಗೆ ಹೋಗಿ ಅದೇ ಗಾಡಿಯಲ್ಲಿ ವಾಪಸ್ ಬರುತ್ತಾರೆ. ಸುಮಾರು ಹತ್ತು ಗಂಟೆ ಗಟ್ಟಿ ಸೀಟಿನ ಮೇಲೆ! ಕೆಳಗಿಳಿದು ಏನನ್ನೂ ನೋಡಿರುವುದಿಲ್ಲ. ಮಂಡಿನೋವಿನ 72ರ ಹಿರಿಯರಿಗೆ ಇದನ್ನು ನಾನು ಹೇಳಲಾರೆ. ಬ್ಯಾಂಕಾಕ್‌ನಿಂದ ಕಾಂಚನಬುರಿವರೆಗಿನ ಎರಡೂಮುಕ್ಕಾಲು ಗಂಟೆ ಗದ್ದೆ, ಪಟ್ಟಣ, ಗದ್ದೆ. ಮಂಡ್ಯದ ಕಡೆಯವರಿಗೆ ಹೊಸದೇನೂ ಕಾಣುವುದಿಲ್ಲ. ಹಳಿಯ ಸೊಗಸೆಲ್ಲ ಕಾಂಚನಬುರಿಯಿಂದ ಆಚೆಗಿನ ಒಂದೂಕಾಲು ಗಂಟೆಯಲ್ಲಿದೆ. ಅದನ್ನು ಮಾತ್ರ ರೈಲಿನಲ್ಲಿ ಹೋಗಿ, ಉಳಿದದ್ದಕ್ಕೆ ರಸ್ತೆ ಹಿಡಿಯಿರಿ.

ಅಂದರೆ ಹೀಗೆ. ಬೆಳಗ್ಗೆ ಆರಕ್ಕೆ ಸಾಯ್ ತಾಯ್ ಮಾಯ್ ಎಂಬ ದಕ್ಷಿಣದ ಬಸ್ ನಿಲ್ದಾಣದಿಂದ ಮಿನಿವ್ಯಾನ್ ಹಿಡಿಯಿರಿ. ತುಂಬಿದೊಡನೆ ಹೊರಡುತ್ತವೆ, ಎರಡರಿಂದ ಎರಡೂವರೆ ಗಂಟೆ. ಅಪ್ಪನ ಕಾಲು ಚಾಚಲು ಜಾಗ ಬೇಕೆಂದರೆ ಮೂವರಿಗೆ ಬಾಡಿಗೆ ಕಾರೂ ದುಬಾರಿಯಾಗದು, ಅರ್ಧ ದಿನ ಕಾಯಿಸುವ ಬದಲು ಹೋಗಲು ಮಾತ್ರ ಮಾತಾಡಿ. ಕಾಂಚನಬುರಿಯಲ್ಲಿ ಇಳಿಯಬೇಕಾದ್ದು ರೈಲ್ವೆ ಸ್ಟೇಷನ್ನಿನ ಬಳಿ. ಅಲ್ಲಿಂದ ಕೆಲವೇ ನಿಮಿಷದ ನಡಿಗೆಯಲ್ಲಿ ಥಾಯ್ಲೆಂಡ್–ಬರ್ಮಾ ರೈಲ್ವೆ ಸೆಂಟರ್ ಎಂಬ ಮ್ಯೂಸಿಯಂ ಇದೆ, ಒಂಬತ್ತಕ್ಕೆ ಬಾಗಿಲು ತೆರೆಯುತ್ತದೆ. ಊರಿನಲ್ಲಿ ಯುದ್ಧದ ಹೆಸರಿನ ಮ್ಯೂಸಿಯಂಗಳು ಇನ್ನೂ ಇವೆ. ಸಮಯ ಕಮ್ಮಿ ಇದ್ದವರಿಗೆ ನಾನು ಹೇಳುವುದು ಇದೊಂದನ್ನೇ. ಇಡೀ ಹಳಿಯ ಉಬ್ಬುತಗ್ಗಿನ ಮಾದರಿ, ಶಿಬಿರಗಳ ನಕ್ಷೆ, ಕಾಯಿಲೆಗಳ ಲೆಕ್ಕ, ಕಾಡಿನಿಂದ ಹೆಕ್ಕಿ ತಂದ ಮೊಳೆ, ಡ್ರಿಲ್ಲು, ತಟ್ಟೆಗಳು ಇವೆ. ನೋಡಿ ಮುಗಿಸಲು ಒಂದೂಕಾಲು ಗಂಟೆ ಸಾಕು.

ಇಲ್ಲಿ ಒಂದು ಕಡೆ ಸ್ವಲ್ಪ ನಿಲ್ಲಿ: ಏಷ್ಯನ್ ಕೂಲಿಗಳ ಭಾಗದ ಮುಂದೆ. ಮಲಯಾದಲ್ಲಿ ಯುದ್ಧ ಬಂದು ರಬ್ಬರ್ ರಫ್ತು ನಿಂತಾಗ ತೋಟಗಳ ಲೈನ್‌ಮನೆಗಳಲ್ಲಿದ್ದವರಿಗೆ ಕೂಲಿ ಇಲ್ಲ, ಅಕ್ಕಿ ಇಲ್ಲ. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಲೈನ್ ನೋಡಿದವರಿಗೆ ಆ ಬದುಕಿನ ಚಿತ್ರ ಸುಲಭವಾಗಿ ಕಣ್ಣಿಗೆ ಬರುತ್ತದೆ. ಮೊದಮೊದಲು ದಿನಕ್ಕೆ ಒಂದು ಡಾಲರ್ ಕೂಲಿ, ಮೂರು ತಿಂಗಳ ಕರಾರು ಎಂದು ಹೇಳಿ ಕರೆದೊಯ್ದರು. ಹೋದವರು ವಾಪಸ್ ಬರಲಿಲ್ಲ, ಹೊಸಬರು ಸಿಗಲಿಲ್ಲ. ಆಮೇಲೆ ತೋಟಗಳಿಂದ ಹಿಡಿದು ತುಂಬಿದರು. ಬಿಟ್ಟಿ ಸಿನಿಮಾ ಎಂದು ಕರೆದು, ಬಾಗಿಲು ಹಾಕಿ, ಲಾರಿಗೆ ಹತ್ತಿಸಿದ್ದೂ ಉಂಟೆಂದು ಬದುಕಿ ಉಳಿದವರು ಹೇಳಿದ್ದಾರೆ. ಯುದ್ಧಕೈದಿಗಳ ಜೊತೆ ಅವರ ಅಧಿಕಾರಿಗಳಿದ್ದರು, ಸೈನ್ಯದ ಡಾಕ್ಟರುಗಳಿದ್ದರು. ಆಸ್ಟ್ರೇಲಿಯಾದ ಸರ್ಜನ್ ಎಡ್ವರ್ಡ್ 'ವಿಯರಿ' ಡನ್‌ಲಪ್ ಅಂಥವರು ಬಿದಿರು ಕಡ್ಡಿ, ಹರಿದ ಬಟ್ಟೆಯಲ್ಲೇ ಆಸ್ಪತ್ರೆ ನಡೆಸಿದರು, ಸತ್ತವರ ಪಟ್ಟಿ ಬರೆದಿಟ್ಟರು. ಊರಿನ ವ್ಯಾಪಾರಿ ಬೂನ್ ಪೊಂಗ್ ತರಕಾರಿ ದೋಣಿಯಲ್ಲಿ ಕದ್ದುಮುಚ್ಚಿ ಔಷಧಿ ಮುಟ್ಟಿಸುತ್ತಿದ್ದರು. ಅವರ ಹಳೆಯ ಅಂಗಡಿಮನೆ ಈಗಲೂ ಪಾಕ್ ಪ್ರೇಕ್ ಬೀದಿಯಲ್ಲಿದೆ. ತೋಟದ ಕೂಲಿಗಳಿಗೆ ಇದ್ಯಾವುದೂ ಇರಲಿಲ್ಲ. ಜೊತೆಗೆ ಬಂದ ಹೆಂಗಸರು ಮಕ್ಕಳೂ ಕೆಲವು ಶಿಬಿರಗಳಲ್ಲಿದ್ದರು. 1943ರ ಮಳೆಗಾಲದಲ್ಲಿ ಕಾಲರಾ ಬಂದಾಗ ಅತಿ ಹೆಚ್ಚು ಸತ್ತವರು ಇವರೇ. ಪಟ್ಟಿ ಬರೆಯುವವರು ಒಬ್ಬರೂ ಇರಲಿಲ್ಲ.

ಹತ್ತೂಕಾಲಿಗೆ ಮ್ಯೂಸಿಯಂ ಬಿಡಿ, ಸ್ಟೇಷನ್ನಿಗೆ ಬನ್ನಿ, ಟಿಕೆಟ್ ಕೊಂಡು ಬ್ಯಾಂಕಾಕ್‌ನಿಂದ ಬರುವ ರೈಲು ಹತ್ತಿ. ಹೋಗುವಾಗ ಎಡಗಡೆ ಕಿಟಕಿ, ಬರುವಾಗ ಬಲಗಡೆ, ನದಿ ಅತ್ತಲೇ. ಐದಾರು ನಿಮಿಷಕ್ಕೆ ಸೇತುವೆ ಬರುತ್ತದೆ, ಗಾಡಿ ನಡಿಗೆಯ ವೇಗಕ್ಕಿಳಿಯುತ್ತದೆ, ಕೆಳಗಿರುವವರೆಲ್ಲ ಮೊಬೈಲ್ ಎತ್ತುತ್ತಾರೆ. ಅದನ್ನು ಹಾಗೇ ದಾಟಲು ಬಿಡಿ. ಮುಂದೆ ಚುಂಗ್‌ಕಾಯ್ ಎಂಬಲ್ಲಿ ಬಂಡೆ ಸೀಳಿದ ಕಿರಿದಾದ ಕಂದಕ, ಕೈ ಹೊರಗೆ ಚಾಚಿದರೆ ಕಲ್ಲು ತಾಗುವಷ್ಟು ಹತ್ತಿರ. ಚಾಚಬೇಡಿ, ಬೋಗಿಯಲ್ಲಿ ಹಾಗೆ ಬೋರ್ಡೂ ಹಾಕಿದ್ದಾರೆ. ಆಮೇಲೆ ಮರಗೆಣಸು, ಕಬ್ಬಿನ ಹೊಲಗಳು. ಇನ್ನೊಂದು ಗಂಟೆಯ ಹೊತ್ತಿಗೆ ತಾಮ್ ಕ್ರಾಸೆ ಬರುತ್ತದೆ. ನೀವು ಇಳಿಯಬೇಕಾದ್ದು ಇಲ್ಲೇ.

ತಾಮ್ ಕ್ರಾಸೆಯ ಬಗ್ಗೆ ನನಗೆ ಪಕ್ಷಪಾತ ಇದೆ, ಮುಚ್ಚಿಡುವುದಿಲ್ಲ. ಒಂದು ಬದಿಗೆ ಸುಣ್ಣಕಲ್ಲಿನ ನೆಟ್ಟಗಿನ ಬಂಡೆ, ಇನ್ನೊಂದು ಬದಿಗೆ ಕ್ವೇ ನೋಯ್ ನದಿ, ನಡುವೆ ಹಳಿಗೆ ನೆಲವೇ ಇಲ್ಲ. ಹಾಗಾಗಿ ಬಂಡೆಯ ಮೈಗೆ ಒರಗಿಸಿ ಮರದ ಕಂಬಗಳ ಅಟ್ಟಣಿಗೆ ಕಟ್ಟಿ, ಮುನ್ನೂರು ನಾನೂರು ಮೀಟರ್ ಉದ್ದಕ್ಕೆ ಅದರ ಮೇಲೆ ಹಳಿ ಹಾಸಿದರು. 1943ರ ಮಾರ್ಚ್–ಏಪ್ರಿಲ್‌ನ ಕೆಲಸ ಅದು. ಈಗ ಕಾಂಕ್ರೀಟ್ ಆಧಾರ ಕೊಟ್ಟಿದ್ದಾರೆ, ಮರಗಳನ್ನು ಬದಲಿಸುತ್ತಾ ಬಂದಿದ್ದಾರೆ, ಆದರೂ ಒಡಲು ಮರದ್ದೇ. ರೈಲು ಇದರ ಮೇಲೆ ಬರುವಾಗ ಕಟಕಟ ಸದ್ದು ಮರದಿಂದಲೇ ಎದ್ದು ಪಾದಕ್ಕೆ ತಾಗುತ್ತದೆ. ರೈಲು ಹೋದಮೇಲೆ ಹಳಿಯ ಮೇಲೆ ನಡೆಯಲು ಬಿಡುತ್ತಾರೆ. ಸ್ಲೀಪರಿನ ಸಂದಿಯಲ್ಲಿ ಕೆಳಗಿನ ನದಿ ಕಾಣುತ್ತದೆ, ಅಪ್ಪನ ಕೈ ಹಿಡಿದಿರಿ. ಅಥವಾ ಅವರೇ ನಿಮ್ಮ ಕೈ ಹಿಡಿಯಬಹುದು. ಸ್ಲೀಪರಿನಿಂದ ಸ್ಲೀಪರಿಗೆ ಕಾಲಿಡುವ ಅಳತೆ ಹಳಿಯ ಕೆಲಸದವರ ಮೈಯಲ್ಲಿ ಉಳಿದಿರುತ್ತದೆ. ಬೆಂಗಳೂರು–ಮೈಸೂರು ಮೀಟರ್ ಗೇಜ್ ಇದ್ದ ಕಾಲವನ್ನು ಅವರು ಕಂಡಿದ್ದರೆ ಈ ಹಳಿಯ ಅಗಲ ಅವರಿಗೆ ಹಳೆಯ ಗುರುತು: ಅದೇ ಒಂದು ಮೀಟರು. ಬಂಡೆಯ ಬದಿಯ ಗುಹೆಯಲ್ಲಿ ಬುದ್ಧನಿದ್ದಾನೆ, ಒಳಗೆ ತಂಪು.

ಊಟ ಇಲ್ಲೇ ಮುಗಿಸಬೇಕು, ಹಾಗಾಗಿ ಸಸ್ಯಾಹಾರದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಥಾಯ್ ಅಡುಗೆಯಲ್ಲಿ ತರಕಾರಿ ಎಂದರೂ ನಾಮ್ ಪ್ಲಾ ಎಂಬ ಮೀನಿನ ಸಾಸ್ ಬಿದ್ದಿರುತ್ತದೆ. 'ವೆಜಿಟೇರಿಯನ್' ಎಂದರೆ ಮಾಂಸದ ತುಂಡು ತೆಗೆದು ಕೊಡುತ್ತಾರೆ ಅಷ್ಟೇ. 'ಜೇ' ಎನ್ನಿ. ಅದು ಬೌದ್ಧರ ವ್ರತದ ಊಟ, ಮೀನು ಮೊಟ್ಟೆ ಇರಲಿ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಕಂಡರೆ ಅದು ಜೇ. ಆದರೆ ತಾಮ್ ಕ್ರಾಸೆಯಂಥ ಹಳಿಬದಿಯ ಹೋಟೆಲಿನಲ್ಲಿ ಅದೇ ಬಾಣಲೆ, ಅದೇ ಸೌಟು. ನನ್ನ ಕೇಳಿದರೆ ಚಪಾತಿ, ಚಟ್ನಿಪುಡಿ, ಒಂದು ಡಬ್ಬಿ ಅವಲಕ್ಕಿ ಊರಿನಿಂದಲೇ ಕಟ್ಟಿಕೊಳ್ಳಿ; ಎಳನೀರು, ಹಣ್ಣು, ಬಿಸಿ ಅನ್ನ ಅಲ್ಲಿ ಸಿಗುತ್ತದೆ.

ನಾಮ್ ತೋಕ್‌ನಿಂದ ಹಿಂದಿರುಗುವ ಗಾಡಿ ಒಂದೂಕಾಲರ ಮೇಲೆ ತಾಮ್ ಕ್ರಾಸೆಗೆ ಬರುತ್ತದೆ. ಇದನ್ನು ತಪ್ಪಿಸಿಕೊಳ್ಳಬೇಡಿ, ಮುಂದಿನದು ಸಂಜೆಯ ಹತ್ತಿರ. ಈ ಸಲ ಕಾಂಚನಬುರಿ ಸ್ಟೇಷನ್ನಿಗೆ ಹೋಗದೆ ಅದಕ್ಕೂ ಮೊದಲು ಬರುವ ಸೇತುವೆಯ ಸ್ಟೇಷನ್ನಿನಲ್ಲೇ ಇಳಿಯಿರಿ. ಹೊತ್ತು ಎರಡೂವರೆ ಮೀರಿರುತ್ತದೆ.

ಈಗ ಸೇತುವೆ. ಹೆಸರಿನಿಂದಲೇ ಶುರುಮಾಡೋಣ, ಏಕೆಂದರೆ ನಾವೆಲ್ಲ ಅನ್ನುವ 'ಕ್ವಾಯ್' ತಪ್ಪು. ಥಾಯ್‌ನಲ್ಲಿ ಕ್ವಾಯ್ ಎಂದರೆ ಎಮ್ಮೆ! ನದಿ 'ಕ್ವೇ'. ಅದೂ ಯುದ್ಧದ ಕಾಲದಲ್ಲಿ ಈ ಸೇತುವೆ ಇದ್ದದ್ದು ಮೇ ಕ್ಲಾಂಗ್ ನದಿಯ ಮೇಲೆ. ಹಳಿ ಬಹುದೂರ ಕ್ವೇ ನೋಯ್ ದಡದಲ್ಲೇ ಸಾಗುವುದರಿಂದ ಕಥೆ ಬರೆದವರು ಸೇತುವೆಯನ್ನೂ ಆ ನದಿಗೆ ಅಂಟಿಸಿದರು. 1957ರ ಹಾಲಿವುಡ್ ಸಿನಿಮಾ ಆ ತಪ್ಪನ್ನೇ ಲೋಕಕ್ಕೆಲ್ಲ ಹರಡಿತು. ಸೇತುವೆ ಹುಡುಕಿಕೊಂಡು ಬಂದವರಿಗೆ ಕ್ವೇ ನದಿಯ ಮೇಲೆ ಸೇತುವೆಯೇ ಸಿಗಲಿಲ್ಲ. ಕೊನೆಗೆ 1960ರ ಸುಮಾರಿಗೆ ಥಾಯ್ ಸರ್ಕಾರವೇ ಸೋತು, ಮೇ ಕ್ಲಾಂಗ್‌ನ ಆ ಭಾಗಕ್ಕೆ ಕ್ವೇ ಯಾಯ್ ಎಂದು ಹೆಸರು ಬದಲಿಸಿತು. ಇನ್ನೊಂದು ವಿಷಯವನ್ನು ಅಪ್ಪನಿಗೆ ಮೊದಲೇ ಹೇಳಿಬಿಡಿ: ಸಿನಿಮಾದ ಚಿತ್ರೀಕರಣ ನಡೆದದ್ದು ಸಿಲೋನಿನ ಕಿತುಲ್‌ಗಲದಲ್ಲಿ. ಅವರು ಪರದೆಯ ಮೇಲೆ ನೋಡಿದ ಕಾಡು, ಕಣಿವೆ ಇಲ್ಲಿಲ್ಲ.

ಇಲ್ಲಿ ಎರಡು ಸೇತುವೆ ಕಟ್ಟಿದ್ದರು, ಎರಡೂ 1943ರ ಮೊದಲರ್ಧದಲ್ಲಿ: ಮೊದಲು ಮರದ್ದು, ತುಸು ಮೇಲಕ್ಕೆ ಉಕ್ಕಿನದು. ಉಕ್ಕಿನ ತೊಲೆಗಳನ್ನು ಜಪಾನೀಯರು ಜಾವಾದಿಂದ ಕಳಚಿ ತಂದರು. 1944ರ ಕೊನೆಯಿಂದ ಮಿತ್ರರಾಷ್ಟ್ರಗಳ ವಿಮಾನಗಳು ಬಾಂಬು ಹಾಕುತ್ತಲೇ ಇದ್ದವು, 1945ರಲ್ಲಿ ಕಂಬಗಳ ನಡುವಿನ ಮೂರು ಅಂಕಣಗಳು ಕುಸಿದವು. ಯುದ್ಧವಾದ ಮೇಲೆ ಪರಿಹಾರದ ಲೆಕ್ಕದಲ್ಲಿ ಜಪಾನೇ ಅವನ್ನು ತುಂಬಿಕೊಟ್ಟಿತು. ಅಪ್ಪನಿಗೆ ಇದನ್ನು ಮೊದಲೇ ಹೇಳದೆ ಸುಮ್ಮನೆ ದಡದಲ್ಲಿ ನಿಲ್ಲಿಸಿ, 'ಇದರಲ್ಲಿ ಯಾವುದು ಆಮೇಲಿನದು?' ಎಂದು ಕೇಳಿ. ಕಮಾನಿನಂತೆ ಬಾಗಿದ ಅಂಕಣಗಳು ಮೂಲದವು, ನಡುವಿನ ಎರಡು ಚೌಕಾಕಾರದವು ಹೊಸವು. ಮೂರು ಬಿದ್ದ ಜಾಗದಲ್ಲಿ ಎರಡೇ ಏಕೆ ಎಂದು ಅವರು ಖಂಡಿತ ಕೇಳುತ್ತಾರೆ. ಹೊಸವು ಹೆಚ್ಚು ಉದ್ದ, ಅದಕ್ಕೆ. ಸೇತುವೆಯ ಮೇಲೆ ನಡುವೆ ಹಲಗೆ ಹಾಸಿದ್ದಾರೆ, ಟಿಕೆಟ್ ಇಲ್ಲ, ರೈಲು ಬಂದರೆ ಪಕ್ಕಕ್ಕೆ ಸರಿಯಲು ಅಲ್ಲಲ್ಲಿ ಕಟ್ಟೆಗಳಿವೆ. ಹಲಗೆಯ ಬದಿ ಕಂಬಿಯಿಲ್ಲದ ಕಡೆ ಇದೆ. ಜನ ಸೆಲ್ಫಿಗಾಗಿ ಹಿಂದೆ ಹಿಂದೆ ಸರಿಯುತ್ತಾರೆ, ಅವರಿಂದ ಅಪ್ಪನನ್ನು ಕಾಪಾಡಿ.

ಸೇತುವೆಯಿಂದ ಸ್ವಲ್ಪ ಕೆಳಗೆ ನದೀದಡದಲ್ಲಿ ಪ್ರವಾಸಿಗಳು ಹೋಗದ ಒಂದು ಸ್ಮಾರಕ ಇದೆ. 1944ರಲ್ಲಿ ಜಪಾನಿ ಸೈನ್ಯದ ರೈಲ್ವೆ ಎಂಜಿನಿಯರುಗಳೇ ಕಟ್ಟಿಸಿದ್ದು, ಹಳಿ ಹಾಕುವಾಗ ಸತ್ತವರ ನೆನಪಿಗೆ. ಅದರ ಸುತ್ತಿನ ಗೋಡೆಯ ಫಲಕಗಳಲ್ಲಿ ಒಂದು ತಮಿಳಿನಲ್ಲಿದೆ. ಕೊಂದವರೇ ಕಟ್ಟಿದ ಕಲ್ಲು ಎಂದು ಕೋಪ ಬಂದರೆ ಬರಲಿ. ಆದರೆ ಆ ಭಾಷೆಯಲ್ಲಿ ಓದುವವರು ಇಲ್ಲಿ ಸತ್ತರೆಂದು ಆ ಕಾಲದಲ್ಲೇ ಒಪ್ಪಿಕೊಂಡು ಕೆತ್ತಿದ ಕಲ್ಲು ಅದು. ಪ್ರಸಿದ್ಧವಾದ ಜೀತ್ ಮ್ಯೂಸಿಯಂ ಊರಿನ ಇನ್ನೊಂದು ತುದಿಯ ವಾಟ್ ಚಾಯ್ ಚುಂಪೊನ್ ದೇವಸ್ಥಾನದಲ್ಲಿದೆ, 1977ರಲ್ಲಿ ಆರಂಭವಾದದ್ದು. ಅದರ ಹೆಸರು ದೇಶಗಳ ಮೊದಲಕ್ಷರ ಜೋಡಿಸಿ ಮಾಡಿದ್ದು: ಜಪಾನ್, ಇಂಗ್ಲೆಂಡ್, ಅಮೆರಿಕ–ಆಸ್ಟ್ರೇಲಿಯಾ, ಥಾಯ್ಲೆಂಡ್, ಹಾಲೆಂಡ್. ಹೆಚ್ಚು ಸತ್ತವರಿಗೆ ಅದರಲ್ಲಿ ಒಂದಕ್ಷರವೂ ಬರಲಿಲ್ಲ. ಬಿದಿರು ಗುಡಿಸಲಿನ ಮಾದರಿ ಬಿಟ್ಟರೆ ಅಲ್ಲಿ ನೋಡುವುದೂ ಕಮ್ಮಿ. ಈ ಸಲ ಬಿಟ್ಟುಬಿಡಿ.

ಹೆಲ್‌ಫೈರ್ ಪಾಸ್ ಕೇಳಿದ್ದೀರಿ. ಒಂದೇ ದಿನದಲ್ಲಿ ಅದೂ, ರೈಲೂ ಆಗುವುದಿಲ್ಲ. ಕಾಂಚನಬುರಿಯಿಂದ ಅದು ಇನ್ನೂ ಸುಮಾರು 80 ಕಿಲೋಮೀಟರ್ ಮುಂದೆ, ಹಳಿ ಮುಗಿಯುವ ನಾಮ್ ತೋಕ್‌ನಿಂದ 18 ಕಿಲೋಮೀಟರ್ ಆಚೆ. ಬಸ್ ಇದೆ, ಆದರೆ ವಾಪಸ್ ಬಸ್ಸಿಗೆ ರಸ್ತೆಬದಿ ಕಾಯುತ್ತಾ ದಿನ ಮುಗಿಯುತ್ತದೆ. ಅಪ್ಪನ ಮಂಡಿಗೂ ಅದು ಹೇಳಿಮಾಡಿಸಿದ್ದಲ್ಲ: ಕಂದಕಕ್ಕೆ ಇಳಿಯಲು ಉದ್ದ ಮೆಟ್ಟಿಲುಗಳಿವೆ, ಇಳಿದಷ್ಟನ್ನೂ ಹತ್ತಬೇಕು. ಬೇಕೇ ಬೇಕೆಂದರೆ ಒಂದು ರಾತ್ರಿ ಕಾಂಚನಬುರಿಯಲ್ಲಿ ಉಳಿದು ಮರುದಿನ ಬೆಳಗ್ಗೆ ಕಾರಿನಲ್ಲಿ ಹೋಗಿ. ಐದು ದಿನದ ಪ್ರವಾಸದಲ್ಲಿ ಒಂದು ರಾತ್ರಿಯನ್ನು ಶಾಪಿಂಗ್ ಮಾಲ್‌ಗಳಿಂದ ಕಿತ್ತುಕೊಳ್ಳುವುದು ದೊಡ್ಡ ನಷ್ಟವಲ್ಲ ಎಂದು ನನ್ನ ಅಭಿಪ್ರಾಯ. 1998ರಲ್ಲಿ ತೆರೆದ ಅಲ್ಲಿನ ಮ್ಯೂಸಿಯಂ ಆಸ್ಟ್ರೇಲಿಯಾ ಸರ್ಕಾರದ್ದು, ಪ್ರವೇಶ ಉಚಿತ, ಕಿವಿಗೆ ಹಾಕಿಕೊಳ್ಳುವ ಆಡಿಯೊ ಕೊಡುತ್ತಾರೆ, ಅದರಲ್ಲಿ ಬದುಕಿ ಉಳಿದ ಕೈದಿಗಳ ದನಿಯೇ ಇದೆ. ಕಂದಕದ ಆಳ ಸುಮಾರು 25 ಮೀಟರು. 1943ರ ಏಪ್ರಿಲ್ ಕೊನೆಗೆ ಶುರುವಾಗಿ ಮಳೆಗಾಲದಲ್ಲೇ ಮುಗಿಸಿದ ಕೆಲಸ. ಒಬ್ಬ ಡ್ರಿಲ್ಲನ್ನು ಹಿಡಿದು ತಿರುಗಿಸುವುದು, ಇನ್ನೊಬ್ಬ ಸುತ್ತಿಗೆಯಿಂದ ಹೊಡೆಯುವುದು, ತೂತಿಗೆ ಮದ್ದು ತುಂಬಿ ಸಿಡಿಸುವುದು, ಕಲ್ಲನ್ನು ಕೈಯಲ್ಲಿ ಹೊತ್ತು ಎಸೆಯುವುದು. ಬೇಗ ಬೇಗ ಎಂದು ಕಾವಲಿನವರು ಕೂಗುತ್ತಿದ್ದ 'ಸ್ಪೀಡೋ' ಎಂಬ ಮಾತೇ ಆ ತಿಂಗಳುಗಳಿಗೆ ಹೆಸರಾಯಿತು. ರಾತ್ರಿ ಬಿದಿರಿನ ಬೆಂಕಿ, ಎಣ್ಣೆಬುಡ್ಡಿ ಹೊತ್ತಿಸಿ ಕೆಲಸ ನಡೆಯುತ್ತಿತ್ತು. ಮೇಲಿನಿಂದ ನೋಡಿದವರಿಗೆ ನರಕದ ಬೆಂಕಿಯಂತೆ ಕಂಡು ಆ ಹೆಸರು ನಿಂತಿತು. ಮುರಿದ ಡ್ರಿಲ್ಲಿನ ತುಂಡೊಂದು ಇಂದಿಗೂ ಆ ಬಂಡೆಯಲ್ಲಿ ಸಿಕ್ಕಿಕೊಂಡೇ ಇದೆ, ಬೆರಳಿಟ್ಟು ಮುಟ್ಟಬಹುದು.

ಸೇತುವೆ ಆದಮೇಲೆ ಸೊಂಗ್‌ತೇವ್, ಅಂದರೆ ಎರಡು ಸಾಲು ಬೆಂಚು ಹಾಕಿದ ಗಾಡಿ ಹಿಡಿದು ಸೆಂಗ್ ಚೂತೊ ಮುಖ್ಯ ರಸ್ತೆಯಲ್ಲಿ ಬೆಳಗಿನ ಜಾಗಕ್ಕೇ ಮರಳಿ. ಮ್ಯೂಸಿಯಂನ ಎದುರಿಗೇ ಯುದ್ಧ ಸ್ಮಶಾನ. ನೆರಳು ಕಮ್ಮಿ, ಆದರೆ ನಾಲ್ಕರ ಬಿಸಿಲು ಸಹಿಸಬಹುದು, ಡಿಸೆಂಬರಿನಲ್ಲಿ ಇನ್ನೂ ಸುಲಭ. ಸುಮಾರು ಏಳು ಸಾವಿರ ಸಮಾಧಿಗಳು, ನೇರ ಸಾಲು, ಕತ್ತರಿಸಿದ ಹುಲ್ಲು, ಪ್ರತಿ ಕಲ್ಲಿನ ಬುಡದಲ್ಲೂ ಒಂದು ಹೂವಿನ ಗಿಡ. ಹೆಸರಿಗಿಂತ ವಯಸ್ಸುಗಳನ್ನು ಓದುತ್ತಾ ಹೋಗಿ: 22, 24, 31, 23. ಅಮೆರಿಕನ್ನರು ಇಲ್ಲಿಲ್ಲ, ಅವರ ದೇಶ ಅವರನ್ನು ಮನೆಗೆ ಕೊಂಡೊಯ್ದಿತು. ಒಳಬರುವ ಬಾಗಿಲ ಮಂಟಪದಲ್ಲಿ ಹೆಚ್ಚಿನವರು ನೋಡದೇ ದಾಟುವ ಒಂದು ಫಲಕ ಇದೆ. ಅವಿಭಜಿತ ಭಾರತದ ಸೈನ್ಯದ 11 ಜನರ ಹೆಸರುಗಳು. ಥಾಯ್ಲೆಂಡಿನ ಮುಸ್ಲಿಂ ಸ್ಮಶಾನಗಳಲ್ಲಿ ಮಣ್ಣಾದ ಅವರ ಗೋರಿಗಳನ್ನು ಉಳಿಸಿಕೊಳ್ಳಲಾಗದೆ ಹೆಸರನ್ನು ಇಲ್ಲಿ ಕೆತ್ತಿದ್ದಾರೆ. ಭಾರತದ ಇನ್ನೊಂದು ಎಳೆಯೂ ಈ ಹಳಿಗೆ ಸುತ್ತಿಕೊಂಡಿದೆ, ಅಷ್ಟು ನೆಮ್ಮದಿಯದಲ್ಲ: ಹಳಿ ಮುಗಿದ ಮೇಲೆ ಆಜಾದ್ ಹಿಂದ್ ಫೌಜಿನ ತುಕಡಿಗಳು ಬರ್ಮಾ ಗಡಿಗೆ ಹೋದದ್ದು ಇದರ ಮೇಲೆಯೇ.

ಸ್ಮಶಾನದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ವಾಟ್ ತಾವೊನ್ ವರಾರಾಮ್ ಎಂಬ ವಿಯೆಟ್ನಾಮಿ ಶೈಲಿಯ ಬೌದ್ಧ ದೇವಸ್ಥಾನ ಇದೆ. ಟೂರ್ ಬಸ್ಸು ಇಲ್ಲಿ ನಿಲ್ಲುವುದಿಲ್ಲ. ಕಾಂಚನಬುರಿಯ ಸುತ್ತ ಕಬ್ಬಿನ ಹೊಲ ಅಗೆಯುವಾಗ, ಪಾಯ ತೋಡುವಾಗ ಕೂಲಿಗಳ ಮೂಳೆಗಳು ಸಿಕ್ಕಿವೆ; 1990ರಲ್ಲಿ ನೂರಾರು ಜನರ ಒಂದೇ ಗುಂಡಿ ಸಿಕ್ಕಿತ್ತು. ಹೆಸರಿಲ್ಲದ ಆ ಕೂಲಿಗಳಿಗೆ ಈ ದೇವಸ್ಥಾನದ ಅಂಗಳದಲ್ಲಿ ಜಾಗ ಸಿಕ್ಕಿದೆ. ಈಚಿನ ವರ್ಷಗಳಲ್ಲಿ ಮಲೇಷ್ಯಾದ ತಮಿಳರು ಇಲ್ಲಿ ಒಂದು ನಡುಕಲ್ಲು ನೆಟ್ಟರು. ನಮ್ಮ ವೀರಗಲ್ಲೇ ಅದು. ಕಾಳಗದಲ್ಲಿ ಸತ್ತವನಿಗೆ ಊರ ಬಾಗಿಲಲ್ಲಿ ನಿಲ್ಲಿಸುವ ಕಲ್ಲು, ಇಲ್ಲಿ ಕಲ್ಲು ಹೊತ್ತು ಸತ್ತವರಿಗೆ. ಸ್ಟೇಷನ್ ಎದುರಿನ ಅಂಗಡಿಯಲ್ಲಿ ಹೂಮಾಲೆ ಇಪ್ಪತ್ತು ಬಾತ್‌ಗೆ ಸಿಗುತ್ತದೆ, ಒಂದು ಕೊಂಡಿಟ್ಟುಕೊಳ್ಳಿ.

ಇಷ್ಟಾಗುವಾಗ ಐದಾಗಿರುತ್ತದೆ. ಬ್ಯಾಂಕಾಕ್‌ನ ಮಿನಿವ್ಯಾನ್‌ಗಳು ಊರಿನ ಬಸ್ ನಿಲ್ದಾಣದಿಂದ ಹೊರಡುತ್ತವೆ, ಕತ್ತಲಾದ ಮೇಲೆ ಕಮ್ಮಿಯಾಗುತ್ತವೆ; ಬೆಳಗ್ಗೆ ಇಳಿಯುವಾಗಲೇ ಕೊನೆಯ ವ್ಯಾನ್ ಎಷ್ಟಕ್ಕೆ ಎಂದು ಕೇಳಿ ಬರೆಸಿಕೊಳ್ಳಿ. ವಾರದ ನಡುವಿನ ದಿನ ಹೋಗಿ. ಶನಿವಾರ, ಭಾನುವಾರ ರೈಲು ಕಿಕ್ಕಿರಿಯುತ್ತದೆ, ಡಿಸೆಂಬರ್ 5 ಮತ್ತು 10 ಥಾಯ್ ರಜಾದಿನಗಳು, ನವೆಂಬರ್ ಕೊನೆ–ಡಿಸೆಂಬರ್ ಮೊದಲಿಗೆ ಸೇತುವೆಯ ಮೇಲಿನ ಬಾಂಬ್ ದಾಳಿಯನ್ನು ಬೆಳಕು–ಸದ್ದಿನಲ್ಲಿ ತೋರಿಸುವ ಜಾತ್ರೆ ನಡೆಯುತ್ತದೆ. ಟೋಪಿ, ನೀರು, ಸ್ಮಶಾನಕ್ಕೂ ದೇವಸ್ಥಾನಕ್ಕೂ ಮಂಡಿ ಮುಚ್ಚುವ ಬಟ್ಟೆ. ಮತ್ತೆ, ಹೋಗುವಾಗ ಎಡಗಡೆ ಕಿಟಕಿ ಎಂದೆನಲ್ಲ, ಅದನ್ನು ಅಪ್ಪನಿಗೆ ಬಿಟ್ಟುಕೊಡಿ.